ಮಸ್ಕತ್ತಿನಿಂದ ಎರಡೂವರೆ ತಾಸು

ಕಿಟಕಿಯಾಚೆ ಹುಣಸೆಮರದ ಕೆಳಗೆ ನಿಂತಿದ್ದ ಹೆಂಗಸು ತನ್ನನ್ನೇ ಹುಡುಕಿಕೊಂಡು ಬಂದಿದ್ದಾಳೆ ಎಂಬುದು ಕೊಟ್ರಬಸಪ್ಪನಿಗೆ ಒಮ್ಮೆ ನೋಡಿದ್ದರಲ್ಲೇ ಗೊತ್ತಾಗಿಹೋಯಿತು. ಗೊತ್ತಾದದ್ದನ್ನು ಮುಖದ ಮೇಲೆ ಬರಗೊಡದೆ ಅವನು ಬೋರ್ಡಿನ ಕಡೆ ತಿರುಗಿ ಮುಂಗಾರು ಮಾರುತದ ಬಾಣಗಳನ್ನು ಬರೆಯತೊಡಗಿದ. ಅರಬ್ಬೀ ಸಮುದ್ರದಿಂದ ಹೊರಟು ಘಟ್ಟಕ್ಕೆ ತಾಕುವ ಬಾಣಗಳು ನಾಲ್ಕು ಸಾಕು. ಅವನು ಏಳು ಬರೆದ, ಎಂಟು ಬರೆದ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಜಗಳೂರಿನಲ್ಲಿ ಯಾರೂ ಉಡದಂಥ ಮಿರಿಮಿರಿ ಮಿಂಚುವ ನೀಲಿ ಸೀರೆ, ಕಾಲಲ್ಲಿ ದಪ್ಪ ಅಟ್ಟೆಯ ಚಪ್ಪಲಿ. ದುರುಗಮ್ಮನೇ ಇರಬೇಕು. ಅವಳನ್ನು ಅವನು ಈ ಮೊದಲು ಎಂದೂ ಕಂಡವನಲ್ಲ. ಆದರೂ ಬೆಳಿಗ್ಗೆ ರೊಟ್ಟಿ ಬಡಿಸುತ್ತ ಹೆಂಡತಿ ಸರ್ವಮಂಗಳಮ್ಮ ಹೇಳಿದ ಮಾತು ಅವಳನ್ನು ಆಗಲೇ ಅವನ ಕಣ್ಣೆದುರು ತಂದು ನಿಲ್ಲಿಸಿತ್ತು. "ಬಂದ್ಲಂತೆ ಕಣ್ರೀ ಆಕೆ, ನಿನ್ನೆ ಸಂಜೆ ದಾವಣಗೆರೆ ಬಸ್ಸಿಗೆ. ಓಬವ್ವ ಸೊಸೇನ ಹೊಸಲು ದಾಟಾಕೆ ಬಿಡಲಿಲ್ಲಂತೆ. ಜಗಲಿ ಮ್ಯಾಲೇ ಕುಂತಿದ್ದಾಳಂತೆ." ಯಾರು ಎಂದು ಕೇಳಿದ್ದ ಅವನು, ಗೊತ್ತಿದ್ದೂ. "ಇನ್ಯಾರು? ನೀವು ದಾರಿ ಅಳೆದು ಕೊಟ್ಟಿದ್ರಲ್ಲ, ಆಕೆ." ಹೆಂಡತಿ ಚುಚ್ಚಬೇಕೆಂದು ಹೇಳಿದ್ದಲ್ಲ. ಹಾಗೆ ಹೇಳಿ ಒಲೆಯ ಕಡೆ ತಿರುಗಿಯೂ ಬಿಟ್ಟಿದ್ದಳು. ಅವನು ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದಿದ್ದ.

ದಾರಿ ಅಳೆದದ್ದು ಹೋದ ವಾರ ಮಂಗಳವಾರ. ಅವತ್ತೂ ಇಂಥದ್ದೇ ಮಾರ್ಚಿನ ಬಿಸಿಲು. ಪ್ರಾರ್ಥನೆ ಮುಗಿದು ಮೇಷ್ಟ್ರುಗಳೆಲ್ಲ ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕ ತೆಗೆದುಕೊಳ್ಳುತ್ತಿದ್ದಾಗ ಕುರಿ ಕಾಯುವ ಜಂಪಣ್ಣ ಬಾಗಿಲಲ್ಲಿ ಬಂದು ನಿಂತಿದ್ದ. ಹೆಗಲ ಮೇಲಿನ ಕಂಬಳಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಸಾರ್, ಭೂಗೋಳದ ಮೇಷ್ಟ್ರು ಯಾರು?" ಎಂದ. ಹೆಡ್‌ಮಾಸ್ಟರ್ ಕಲ್ಲೇಶಪ್ಪ ಕನ್ನಡಕದ ಮೇಲಿನಿಂದ ಕೊಟ್ರಬಸಪ್ಪನನ್ನು ತೋರಿಸಿದರು. "ನಮ್ಮಣ್ಣನ ಮಗಳು ಗಾದ್ರಿ, ಎಂಟು ವರ್ಸದ್ದು, ಬೆಳಗಿನ ಜಾವ ಹೋಗ್ಬಿಡ್ತು ಸಾರ್. ಜ್ವರ ತಲೆಗೇರಿತ್ತು. ಅಣ್ಣ ಮೊದಲೇ ಇಲ್ಲ. ಅವರವ್ವ ದುರುಗಮ್ಮ ಮಸ್ಕತ್ನಾಗೆ ಅದಾಳೆ, ಇಂಜಿನಿಯರ್ ಸಾಹೇಬ್ರ ಮನೆಗೆಲಸಕ್ಕೆ. ಮಗೀಗೆ ಭಾಳ ಜೋರೈತೆ, ಬಾ ಅಂತ ನಿನ್ನೇನೇ ತಂತಿ ಕೊಟ್ಟೀವಿ. ಈಗ ಆಕೆ ಬರೋತನಕ ಕಾಯಬೇಕೋ, ಮಣ್ಣು ಮಾಡಬೇಕೋ ತಿಳೀವಲ್ದು. ಮಸ್ಕತ್ತು ಎಷ್ಟು ದೂರ ಐತೆ ಸಾರ್? ವಿಮಾನದಾಗೆ ಬರಾಕೆ ಎಷ್ಟೊತ್ತು ಹಿಡೀತೈತೆ?"

ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ಅವನ ಭೂಗೋಳ ಯಾರಿಗಾದರೂ ಬೇಕಾದದ್ದು ಅದೇ ಮೊದಲು. ಗಣಿತದವರ ಹತ್ತಿರ ಜನ ಜಮೀನಿನ ಅಳತೆಗೆ ಬರುತ್ತಾರೆ, ಇಂಗ್ಲಿಷಿನವರ ಹತ್ತಿರ ಅರ್ಜಿ ಬರೆಸಲು ಬರುತ್ತಾರೆ. ನೈಲ್ ನದಿಯ ಉದ್ದ ಯಾರಿಗೂ ಬೇಡ. ಅವನು ಕಪಾಟಿನಿಂದ ದೊಡ್ಡ ಅಟ್ಲಾಸ್ ತೆಗೆದು ಮೇಜಿನ ಮೇಲೆ ಹರಡಿದ. ಹೊಲಿಗೆಯ ದಾರ ತರಿಸಿ ಒಂದು ತುದಿಯನ್ನು ಮಸ್ಕತ್ತಿನ ಮೇಲೆ ಉಗುರಿನಿಂದ ಒತ್ತಿ ಹಿಡಿದು, ಇನ್ನೊಂದನ್ನು ಸಮುದ್ರದ ನೀಲಿಯ ಮೇಲಿಂದ ಎಳೆದು ಬೊಂಬಾಯಿಗೆ ತಂದ. ಸ್ಕೇಲಿಗೆ ಹಿಡಿದು ನೋಡಿದ. ಒಂಬೈನೂರ ಎಪ್ಪತ್ತು ಮೈಲಿ. ಮೇಷ್ಟ್ರುಗಳು ಒಬ್ಬೊಬ್ಬರೇ ಹತ್ತಿರ ಬಂದು ಬಗ್ಗಿ ನೋಡತೊಡಗಿದರು. ಜೆಟ್ ವಿಮಾನ ಗಂಟೆಗೆ ಐನೂರೈವತ್ತು ಮೈಲಿ ಹಾರುತ್ತದೆಂದು ಪೇಪರಿನಲ್ಲಿ ಓದಿದ್ದ. ಏರುವುದಕ್ಕೆ ಇಷ್ಟು, ಇಳಿಯುವುದಕ್ಕೆ ಇಷ್ಟು ಎಂದು ಸೇರಿಸಿ, ಚೀಟಿಯಲ್ಲಿ ಗುಣಿಸಿ ಭಾಗಿಸಿ, "ಎರಡೂವರೆ ತಾಸು!" ಎಂದ. ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು. "ಇಲ್ಲಿಂದ ಶಿವಮೊಗ್ಗಕ್ಕೆ ಬಸ್ಸಿನಾಗೆ ಹೋಗಾಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು." ಕಲ್ಲೇಶಪ್ಪ, "ಭಲೆ ಕೊಟ್ರಬಸಪ್ಪ!" ಎಂದರು. ಆ ಭಲೆ ಕಿವಿಯಲ್ಲಿ ಇನ್ನೂ ಇದ್ದಾಗಲೇ ಅವನು ಜಂಪಣ್ಣನ ಕಡೆ ತಿರುಗಿ ಹೇಳಿದ್ದ: "ಬೊಂಬಾಯಿಂದ ದಾವಣಗೆರೆಗೆ ರೈಲು ಒಂದು ದಿನ ಅಂತ ಇಟ್ಕೋ. ಗುರುವಾರ ಬೆಳಿಗ್ಗೆ ಆಕೆ ನಿಮ್ಮ ಮನೆ ಬಾಗಿಲಾಗೆ ಇರ್ತಾಳೆ. ಕಾಯ್ರಿ." ಕಾಯಿರಿ ಎಂದು ಹೇಳು ಎಂದು ಯಾರೂ ಅವನನ್ನು ಕೇಳಿರಲಿಲ್ಲ. ದೂರ ಕೇಳಿದ್ದರು, ಹೊತ್ತು ಕೇಳಿದ್ದರು, ಅಷ್ಟೆ. ಜಂಪಣ್ಣ ಎರಡೂ ಕೈ ಜೋಡಿಸಿ ಹೊರಟುಹೋದ. ಅವನು ಗೇಟು ದಾಟಿದ ಮೇಲೆ, ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಾಗ, ಒಂದು ಮಗು ಸತ್ತಿದೆ ಎಂಬ ಸಂಗತಿ ಅವನ ಮನಸ್ಸಿಗೆ ಬಂತು. ಆ ಹತ್ತು ನಿಮಿಷ ತಾನು ಸುಖವಾಗಿದ್ದೆ. ಸಮುದ್ರವನ್ನು ಕಣ್ಣಿನಿಂದ ಕಾಣದ, ವಿಮಾನವೆಂದರೆ ಜಗಳೂರಿನ ಆಕಾಶದಲ್ಲಿ ಬೆಳ್ಳಗೆ ಎಳೆದುಹೋಗುವ ಗೆರೆಯಷ್ಟೇ ಆದ ತಾನು.

ಬುಧವಾರ ಅವನು ಶಾಲೆಗೆ ಸಂತೆಯ ದಾರಿ ಬಿಟ್ಟು ಕೆರೆಯ ಕಡೆಯಿಂದ ಸುತ್ತಿ ಹೋದ. ಜಂಪಣ್ಣನ ತಾಯಿ ಓಬವ್ವನ ಮನೆ ಸಂತೆಯ ದಾರಿಯಲ್ಲಿತ್ತು. ಗುರುವಾರವೂ ಹಾಗೇ. ದಾವಣಗೆರೆಯಿಂದ ಬರುವ ಪ್ರತಿ ಬಸ್ಸಿನ ಹಾರ್ನ್ ಕೇಳಿದಾಗ ಪಾಠ ತಪ್ಪುತ್ತಿತ್ತು. ಹನ್ನೆರಡರ ಬಸ್ಸೂ ಬಂದು ಹೋದ ಮೇಲೆ ದೂರದಿಂದ ತಮಟೆಯ ಸದ್ದು ಕೇಳಿಸಿತು. ಇನ್ನು ಕಾಯಲಾಗದೆ ಮಣ್ಣು ಮಾಡಲು ಹೊರಟಿದ್ದರು. ಅವನು ಉತ್ತರ ಪತ್ರಿಕೆಗಳ ಮೇಲೆ ಬಗ್ಗಿಕೊಂಡು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತ ಕುಳಿತ. ಆಮೇಲೆ ಶುರುವಾದದ್ದು ಇನ್ನೊಂದು. ಕ್ಷೌರದ ಅಂಗಡಿಯಲ್ಲಿ, ಹೋಟೆಲಿನಲ್ಲಿ, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ, ಅವನು ಗುಣಿಸಿ ತೆಗೆದ ಆ ಎರಡೂವರೆ ತಾಸು ಊರಿನ ಮಾತಾಗಿಬಿಟ್ಟಿತು. "ಎರಡೂವರೆ ತಾಸಿನ ದಾರಿ ಕಣಪ್ಪ, ಮೇಷ್ಟ್ರೇ ಅಳೆದವ್ರೆ. ಹೆತ್ತ ಮಗಳ ಮಣ್ಣಿಗೆ ಬರಲಿಲ್ಲ ಅಂದ್ರೆ ಆಕೆ ಎದೆ ಇನ್ನೆಂಥದು?" ಶುಕ್ರವಾರ ಹೋಯಿತು, ಭಾನುವಾರ ಹೋಯಿತು. ಅವಳು ಬಾರದ ಒಂದೊಂದು ದಿನಕ್ಕೂ ಆ ಮಾತು ಇನ್ನಷ್ಟು ಗಟ್ಟಿಯಾಯಿತು. ಅವಳು ಬಂದದ್ದು ತಂತಿ ಹೋದ ಒಂಬತ್ತನೆಯ ದಿನಕ್ಕೆ.

ಗಂಟೆ ಹೊಡೆಯಿತು. ಹುಡುಗರು ಹೊರಗೆ ನುಗ್ಗಿದರು. ಅವನು ಡಸ್ಟರಿನಿಂದ ಬೋರ್ಡನ್ನು ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಹಿಂದಿನ ಬಾಗಿಲಿನಿಂದ ಸ್ಟಾಫ್ ರೂಮಿಗೆ ಹೋಗಿಬಿಡಬಹುದಿತ್ತು. ಆದರೆ ಅವಳು ಆಗಲೇ ಬಾಗಿಲಲ್ಲಿದ್ದಳು. ಮೂವತ್ತು ದಾಟಿರಲಾರದು. ಕಣ್ಣು ಒಣಗಿದ್ದವು.

"ಮೇಷ್ಟ್ರು ಕೊಟ್ರಬಸಪ್ಪನೋರು ನೀವೇ ಏನ್ರಿ?"

ಹೂಂ ಎಂದ.

"ಎರಡೂವರೆ ತಾಸು ಅಂದೋರು?"

ಅವನು ಕೈಗಂಟಿದ ಸೀಮೆಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡ. ಬೈಯಲಿ ಎಂದು ಕಾದ. ಅವಳು ಬೈಯಲಿಲ್ಲ. ಬಾಗಿಲ ಚೌಕಟ್ಟಿಗೆ ಕೈಯಾನಿಸಿ, ಕೆಲಸದ ಮನೆಯಲ್ಲಿ ಲೆಕ್ಕ ಒಪ್ಪಿಸುವವಳ ಹಾಗೆ ನೆಟ್ಟಗೆ ನಿಂತು ಹೇಳಿದಳು: "ನೀವು ಹೇಳಿದ್ದು ಸುಳ್ಳಲ್ಲ ಸಾರ್. ವಿಮಾನದಾಗೆ ಅಷ್ಟೇ ಹೊತ್ತು. ಆದರೆ ತಂತಿ ಬಂದಾಗ ಸಾಹೇಬ್ರು ಊರಾಗೆ ಇರಲಿಲ್ಲ, ಮರಳುಗಾಡಿನಾಗೆ ಎಲ್ಲೋ ಕೆಲಸದ ಮ್ಯಾಲಿದ್ರು. ಅವರು ಬಂದು ನನಗೆ ಹೇಳಿದ್ದು ಗುರುವಾರ. ಶುಕ್ರವಾರ ಅಲ್ಲಿ ಎಲ್ಲಾ ಬಾಗಿಲು ಹಾಕಿರ್ತಾರೆ. ನನ್ನ ಪಾಸ್‌ಪೋರ್ಟು ಕಂಪನಿ ಯಜಮಾನನ ಹತ್ರ ಇತ್ತು. ಅವನು ಬರೆದುಕೊಡದೆ ದೇಶ ಬಿಡಾಕೆ ಆಗಂಗಿಲ್ಲ. ಶನಿವಾರ ಬರೆದುಕೊಟ್ಟ. ಭಾನುವಾರದ ವಿಮಾನದಾಗೆ ಜಾಗ ಇಲ್ಲ. ಸೋಮವಾರ ಹತ್ತಿಸಿದ್ರು. ಬೊಂಬಾಯಾಗೆ ಇಳಿದ ಮ್ಯಾಲೆ ಕಾಗದ ನೋಡ್ತೀವಿ ಅಂತ ಕೂರಿಸಿದ್ರು, ಅವತ್ತಿನ ರೈಲು ಹೋಯ್ತು. ಮಿರಜದಾಗೆ ಸಣ್ಣ ರೈಲಿಗೆ ಬದಲಾಯಿಸಬೇಕಲ್ಲ, ಅದೂ ತಪ್ಪಿತು. ನನಗೆ ಓದಾಕೆ ಬರಲ್ಲ. ಕೇಳಿದೋರು ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸಿದ್ರು." ಚೌಕಟ್ಟಿನಿಂದ ಕೈ ತೆಗೆದಳು. "ವಿಮಾನದಾಗೆ ಅನ್ನ ಕೊಟ್ರು ಸಾರ್. ಉಂಡೆ. ಹಸಿವಾಗಿತ್ತು, ಉಂಡುಬಿಟ್ಟೆ. ಮಗಾ ಬದುಕೈತೆ ಅಂತಲೇ ಇದ್ದೆ. ಬಸ್‌ಸ್ಟ್ಯಾಂಡಿನಾಗೆ ಇಳಿದಾಗ ಬಾಳೆಹಣ್ಣು ಮಾರೋಳು ಹೇಳಿದ್ಲು."

ಕಾರಿಡಾರಿನಲ್ಲಿ ಹೋಗುತ್ತಿದ್ದ ಮೇಷ್ಟ್ರೊಬ್ಬರು ಇತ್ತ ನೋಡಿ ಹೆಜ್ಜೆ ನಿಧಾನ ಮಾಡಿದರು. ಕೊಟ್ರಬಸಪ್ಪ ದನಿ ತಗ್ಗಿಸಿ, "ನನ್ನಿಂದ ಏನಾಗಬೇಕು ತಾಯಿ?" ಎಂದ.

"ನಾಳೆ ಮಗೀನ ಹನ್ನೊಂದನೇ ದಿನ. ಎಡೆಗೆ ನನ್ನ ಕೈ ತಾಗಬಾರ್ದು ಅಂತಾಳೆ ನಮ್ಮತ್ತೆ. ನನ್ನ ಮಾತು ಕೇಳವಲ್ಲಳು. ಬೇಕಂತಲೇ ತಡ ಮಾಡ್ದೆ ಅಂತಾಳೆ. ನೀವು ಬಂದು ಒಂದು ಮಾತು ಹೇಳ್ರಿ. ನಿಮ್ಮ ಮಾತು ಕೇಳ್ತಾಳೆ."

ಇನ್ನೂ ಎರಡು ಪೀರಿಯಡ್ ಇವೆ ಎಂದ. ಪರೀಕ್ಷೆ ಹತ್ತಿರ ಬಂದಿದೆ ಎಂದ. ಜಂಪಣ್ಣನಿಗೇ ಹೇಳಿಕಳಿಸುತ್ತೇನೆ ಎಂದ. ಹೇಳುತ್ತ ಹೋದಂತೆ ಒಂದೊಂದು ಮಾತೂ ತನ್ನ ಬಾಯಿಂದ ಕೊಳೆತು ಹೊರಬರುತ್ತಿದೆ ಅನ್ನಿಸಿತು. ಅವಳು ಯಾವುದಕ್ಕೂ ಎದುರು ಹೇಳಲಿಲ್ಲ. "ಮರದ ಕೆಳಗೆ ಕುಂತಿರ್ತೀನಿ," ಎಂದು ಹೋಗಿ ಕುಳಿತಳು. ಹುಡುಗರು ಅವಳ ಚಪ್ಪಲಿ ನೋಡಲು ಸುತ್ತ ನೆರೆದರು. ಐದು ನಿಮಿಷ ಅದನ್ನು ನೋಡಿ ಅವನು ಕಲ್ಲೇಶಪ್ಪನವರ ಕೋಣೆಗೆ ಹೋಗಿ ಅರ್ಧ ದಿನದ ರಜೆ ಬರೆದುಕೊಟ್ಟ. "ಯಾಕ್ರೀ, ನಿಮಗ್ಯಾಕೆ ಬೇಕು ಅವರ ಮನೆ ಜಗಳ?" ಎಂದರು ಅವರು. ಅವನು ಮೆಟ್ಟಿಲಿಳಿದು ಮರದ ಕಡೆ ನಡೆದ.

ಅವಳು ಮುಂದೆ, ಅವನು ನಾಲ್ಕು ಮಾರು ಹಿಂದೆ. ಸಂತೆಯ ದಾರಿಯ ಅಂಗಡಿಗಳಿಂದ ಜನ ಕತ್ತು ಹೊರಹಾಕಿ ನೋಡಿದರು. ಒಂಬತ್ತು ದಿನ, ಎಂದು ಅವನು ಮನಸ್ಸಿನಲ್ಲೇ ಎಣಿಸಿದ. ಅವನ ಹುಟ್ಟೂರು ನ್ಯಾಮತಿ ಇಲ್ಲಿಂದ ಎಪ್ಪತ್ತು ಮೈಲಿ. ದಾವಣಗೆರೆಯಲ್ಲಿ ಒಂದು ಬಸ್ಸು ಬದಲಾಯಿಸಬೇಕು, ಹೊನ್ನಾಳಿಯಲ್ಲಿ ಇನ್ನೊಂದು. ವರ್ಷಗಳ ಹಿಂದೆ ಅಪ್ಪ ತೀರಿಕೊಂಡ ತಂತಿ ಅವನ ಕೈಗೆ ಬಂದಾಗ ಬೆಳಗಿನ ಹತ್ತು ಗಂಟೆ. ಹತ್ತೂವರೆಗೆ ಬಸ್ಸಿತ್ತು. ಆದರೆ ಅವತ್ತು ಇನ್ಸ್‌ಪೆಕ್ಟರು ಶಾಲೆ ನೋಡಲು ಬರುವವರಿದ್ದರು. ಭೂಗೋಳದ ಪಾಠವನ್ನೇ ಕೇಳುತ್ತಾರೆ ಎಂದು ಹೆಡ್‌ಮಾಸ್ಟರು ಹಿಂದಿನ ದಿನ ಹೇಳಿದ್ದರು. ತಂತಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಅವನು ಗ್ಲೋಬು ತಿರುಗಿಸುತ್ತ ಹಗಲು ರಾತ್ರಿಗಳ ಪಾಠ ಮಾಡಿದ್ದ, ಚೆನ್ನಾಗಿಯೇ ಮಾಡಿದ್ದ. ಎರಡು ಗಂಟೆಯ ಬಸ್ಸು ಹಿಡಿದು ಊರು ಸೇರುವಾಗ ಅಪ್ಪನ ಹೆಣವನ್ನು ಕೂರಿಸಿ ಹೊತ್ತಿದ್ದ ವಿಮಾನದ ಬಿದಿರು, ಬಾಳೆಕಂಬಗಳು ಹೊಲದ ಬದುವಿನಲ್ಲಿ ಬಿದ್ದಿದ್ದವು. ಗುಂಡಿ ಮುಚ್ಚಿಯಾಗಿತ್ತು. "ಸರ್ಕಾರಿ ನೌಕರಿ, ಪಾಪ, ರಜಾ ಸಿಗಬೇಕಲ್ಲ," ಎಂದು ನೆಂಟರೆಲ್ಲ ಅವನ ಬೆನ್ನು ಸವರಿದರು. ಅಕ್ಕ ಕೊರಳು ತಬ್ಬಿ ಅತ್ತಳು. ಎಪ್ಪತ್ತು ಮೈಲಿಗೆ ಎಷ್ಟು ಹೊತ್ತು ಎಂದು ಯಾರೂ ದಾರ ಹಿಡಿದು ಅಳೆದಿರಲಿಲ್ಲ. ಮುಂದೆ ಹೋಗುತ್ತಿದ್ದ ದುರುಗಮ್ಮ ತಿರುಗಿ, ಅವನು ಬರುತ್ತಿದ್ದಾನೆಯೇ ಎಂದು ನೋಡಿದಳು.

ಅಂಗಳದಲ್ಲಿ ನಾಲ್ಕೈದು ಜನ ಇದ್ದರು. ಮುದುಕಿ ಓಬವ್ವ ಹೊಸಲಿಗೆ ಅಡ್ಡವಾಗಿ ಕುಳಿತಿದ್ದಳು. ಜಗಲಿಯ ಮೂಲೆಯಲ್ಲಿ ದುರುಗಮ್ಮನ ದೊಡ್ಡ ಬ್ಯಾಗು, ವಿಮಾನದವರು ಕಟ್ಟಿದ ಚೀಟಿಯ ಸಮೇತ ಹಾಗೇ ಇತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ. ಜಂಪಣ್ಣ ಎದ್ದು ಕಂಬಳಿ ಹಾಸಿದ. ಕೊಟ್ರಬಸಪ್ಪ ಕೂರದೆ ನಿಂತೇ, ತರಗತಿಯಲ್ಲಿ ಶುರು ಮಾಡುವ ದನಿಯಲ್ಲಿ, "ನೋಡಿ ಓಬವ್ವ, ವಿಮಾನ ಹಾರೋದು ಎರಡೂವರೆ ತಾಸೇ. ಅದರಾಗೆ ತಪ್ಪಿಲ್ಲ. ಆದರೆ..." ಎಂದ.

"ಕೇಳಿದ್ರೇನ್ರಪ್ಪ?" ಮುದುಕಿ ಅಂಗಳದವರ ಕಡೆ ಕೈ ಚಾಚಿದಳು. "ಮೇಷ್ಟ್ರ ಬಾಯಾಗೇ ಬಂತು. ಎರಡೂವರೆ ತಾಸು."

ಅವನ 'ಆದರೆ' ಅಲ್ಲೇ ಬಿದ್ದುಹೋಯಿತು. ಪಾಸ್‌ಪೋರ್ಟು, ಶುಕ್ರವಾರದ ರಜೆ ಎಂದು ಏನೇನೋ ತೊದಲಿದ. ಯಾರ ಕಿವಿಗೂ ಅದು ಇಳಿಯಲಿಲ್ಲ. ಅಂಗಳದ ಅಂಚಿನಲ್ಲಿ ನಿಂತಿದ್ದ ದುರುಗಮ್ಮ ಅವನನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದಳು. ತಪ್ಪಿಲ್ಲ ಎಂದು ತಾನು ಮೊದಲು ಯಾಕೆ ಹೇಳಿದೆ? ಅವಳಿಗಾಗಿ ಬಂದವನು ತನ್ನ ಲೆಕ್ಕವನ್ನು ಕಾಯಲು ನಿಂತೆನಲ್ಲ.

"ಎರಡು ದಿನ ಮೇಷ್ಟ್ರೆ," ಎಂದಳು ಓಬವ್ವ. ಈಗ ಅವಳ ದನಿ ಏರಲಿಲ್ಲ. "ಇಗಾ, ಇದೇ ಜಾಗದಾಗೆ ಮಲಗಿಸಿಕೊಂಡು ಕುಂತಿದ್ದೆ. ಬೇವಿನ ಸೊಪ್ಪು ಹಿಡಿದು ನೊಣ ಹೊಡೀತಾ. ಪೋಂ ಅಂತ ಬಸ್ಸು ಕೂಗಿದಾಗೆಲ್ಲ, ಅಗಾ ನಿಮ್ಮವ್ವ ಬಂದ್ಲು ಕಣೆ ಗಾದ್ರಿ, ಅಂತ ಅದರ ಕಿವಿಯಾಗೆ ಹೇಳ್ತಿದ್ದೆ. ಎಷ್ಟು ಸಲ ಹೇಳಿದೆನೋ. ನನ್ನ ಬಾಯಿಂದ ಆ ಮಗೀಗೆ ಅಷ್ಟು ಸುಳ್ಳು ಹೇಳಿಸಿದೋಳು ಇವಳು. ಇವಳ ಕೈಯಿಂದ ಎಡೆ ಇಡಿಸ್ಲಾ?"

ಬಿಸಿಲು ಅವನ ನೆತ್ತಿಗೆ ನೇರವಾಗಿ ಬೀಳುತ್ತಿತ್ತು. ಉಗುರಿನಿಂದ ಒತ್ತಿ ಹಿಡಿದ ದಾರ, ಬಗ್ಗಿ ನೋಡುತ್ತಿದ್ದ ತಲೆಗಳು, ಭಲೆ.

"ಸುಳ್ಳು ಹೇಳಿಸಿದೋನು ನಾನು," ಎಂದ. "ಈಕೆ ಅಲ್ಲ. ನನಗೆ ಗೊತ್ತಿರಲಿಲ್ಲ ಓಬವ್ವ. ಮಸ್ಕತ್ತು ಗೊತ್ತಿಲ್ಲ, ವಿಮಾನ ಗೊತ್ತಿಲ್ಲ. ಪುಸ್ತಕದಾಗೆ ಎರಡು ಚುಕ್ಕೆ ಇದ್ವು, ನಡುವೆ ದಾರ ಹಿಡಿದೆ. ಮನುಷ್ಯರು ಅಲ್ಲಿಂದ ಬರಾಕೆ ಏನೇನು ಬೇಕು ಅನ್ನೋದು ಗೊತ್ತಿಲ್ಲದೆ, ಗೊತ್ತೈತೆ ಅಂತ ಹೇಳಿಬಿಟ್ಟೆ. ಬಡವರು, ಕೂಲಿ ಮಾಡೋರು ಅಲ್ಲಿಂದ ಬರಾಕೆ ಒಂಬತ್ತು ದಿನಾನೇ ಬೇಕು. ಒಂದು ದಿನಾನೂ ಈಕೆ ಸುಮ್ಮನೆ ಕುಂತಿಲ್ಲ. ಕಾಯ್ರಿ ಅಂದಿದ್ದು ನಾನು."

ಮುದುಕಿ ಅವನನ್ನು ಮೇಲಿಂದ ಕೆಳತನಕ, ಸಂತೆಯಲ್ಲಿ ಕುರಿಯನ್ನು ನೋಡುವ ಹಾಗೆ ನೋಡಿದಳು.

"ಹಂಗಾರೆ ಎರಡು ದಿನ ನಾನು ನನ್ನ ಮೊಮ್ಮಗಳನ್ನ ಸುಮ್ಮನೆ ಇಟ್ಕೊಂಡು ಕುಂತಿದ್ನಾ?"

"ಹೌದು."

"ಓದಿದೋನು ನೀನು," ಎಂದಳು. ಬಹುವಚನ ಬಿದ್ದುಹೋದದ್ದು ಅಂಗಳದವರಿಗೆಲ್ಲ ಕೇಳಿಸಿತು. "ನಿನ್ನ ಬಾಯಿಗೆ ಮಣ್ಣು ಹಾಕ. ತಿಳೀದು ಅಂದಿದ್ರೆ ಏನು ಗಂಟು ಹೋಗ್ತಿತ್ತು ನಿಂದು? ಮಂಗಳವಾರ ಸಂಜೆಗೇ ಹೂವಿನಂಗೆ ಕಳಿಸ್ತಿದ್ದೆನಲ್ಲೋ." ಜಂಪಣ್ಣ "ಯವ್ವಾ" ಎಂದು ತಡೆಯಲು ಹೋದ. ಕೊಟ್ರಬಸಪ್ಪ ಬೇಡವೆಂದು ಕೈ ಮಾಡಿದ. ಹತ್ತು ದಿನದಿಂದ ಬೇರೆ ದಾರಿ ಹಿಡಿದು ತಪ್ಪಿಸಿಕೊಳ್ಳುತ್ತಿದ್ದದ್ದು ಇದೇ ತಾನೆ? ಬಂತು. ಬಂದದ್ದು ತಾನು ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ, ತಾನೇ ಅದಕ್ಕಿಂತ ಸಣ್ಣವನಾಗಿದ್ದೆ ಅನ್ನಿಸಿತು.

ಆಗ ದುರುಗಮ್ಮ ಅಂಚಿನಿಂದ ನಾಲ್ಕು ಹೆಜ್ಜೆ ಮುಂದೆ ಬಂದು, ಜಗಲಿಯ ಕೆಳಗೆ ಕುಕ್ಕುರುಗಾಲಲ್ಲಿ ಕುಳಿತಳು. ಎಡೆಯ ಮಾತು ಎತ್ತಲಿಲ್ಲ. "ಅತ್ತೆ," ಎಂದಳು, "ಹೆಂಗಿದ್ಲು ಮಗಾ?"

ಓಬವ್ವ ಹೊಸಲ ಮೇಲಿನ ಧೂಳನ್ನು ಕೈಯಿಂದ ಸವರಿದಳು. ಆಮೇಲೆ, ಸೊಸೆಯ ಮುಖ ನೋಡದೆಯೇ, "ನಿದ್ದೆ ಮಾಡ್ದಂಗೇ ಇದ್ಲು ಕಣೆ. ಎಣ್ಣೆ ಹಚ್ಚಿ ತಲೆ ಬಾಚಿದೆ. ನೀನು ಕಳಿಸಿದ್ದ ಹಸಿರು ಲಂಗ ಇತ್ತಲ್ಲ, ಅದನ್ನೇ ಹಾಕ್ದೆ," ಎಂದಳು.

"ಎರಡನೇ ದಿನ?"

ಜಂಪಣ್ಣ ಕಂಬಳಿಯ ಅಂಚಿನ ಎಳೆ ಕೀಳುತ್ತಿದ್ದ. ಕೂತಿದ್ದ ಹೆಂಗಸೊಬ್ಬಳು ಸೆರಗನ್ನು ಮೂಗಿನತನಕ ಎಳೆದುಕೊಂಡು ಮುಖ ಆಚೆ ತಿರುಗಿಸಿದಳು. ಮಾರ್ಚಿನ ಬಿಸಿಲಿನಲ್ಲಿ ಎರಡನೇ ದಿನ ಏನಾಗಿರುತ್ತದೆಂದು ಕೊಟ್ರಬಸಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಎರಡನೇ ದಿನಾನೂ ಹಂಗೇ ಇದ್ಲು," ಎಂದಳು ಓಬವ್ವ.

ದುರುಗಮ್ಮ ಅವಳನ್ನೇ ದಿಟ್ಟಿಸುತ್ತಿದ್ದಳು. ನಂಬಬೇಕೆಂದು ಹೊರಟ ಕಣ್ಣು ನಂಬಲಾರದೆ ಅರ್ಧ ದಾರಿಯಲ್ಲಿ ನಿಂತಿತ್ತು. ಮುದುಕಿ ಅದನ್ನು ಕಂಡಳು. ತಲೆಯೆತ್ತಿ ನೇರವಾಗಿ ಕೊಟ್ರಬಸಪ್ಪನನ್ನು ನೋಡಿದಳು. "ಬೇಕಾರೆ ಮೇಷ್ಟ್ರನ್ನ ಕೇಳು," ಎಂದಳು. "ಬುಧವಾರ ಸಂಜೆ ಬಂದು ನೋಡಿಕೊಂಡು ಹೋದ್ರಲ್ಲ. ಅಲ್ಲೇನ್ರೀ ಮೇಷ್ಟ್ರೆ?"

ಬುಧವಾರ ಸಂಜೆ ಅವನು ಕೆರೆಯ ಕಡೆಯಿಂದ ಸುತ್ತಿ ಮನೆಗೆ ಹೋಗಿದ್ದ. ಅದು ಮುದುಕಿಗೂ ಗೊತ್ತಿತ್ತು. ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಒಬ್ಬಳನ್ನು ಬಿಟ್ಟು. ಆ ಒಬ್ಬಳು ಈಗ ಅವನ ಕಡೆ ತಿರುಗಿದ್ದಳು.

"ಹೌದು ತಾಯಿ," ಎಂದ. "ನಾನು ನೋಡಿದೆ. ನಿದ್ದೆ ಮಾಡ್ದಂಗೇ ಇದ್ಲು."

ಅವಳು ಅವನ ಮುಖವನ್ನು ಇಷ್ಟಿಷ್ಟೇ ಓದುತ್ತಿದ್ದಳು. ಆಮೇಲೆ ತಲೆಯಾಡಿಸಿದಳು, ಒಂದು ಸಲ, ಎರಡು ಸಲ. ಹಣೆ ಹೋಗಿ ಜಗಲಿಯ ಕಲ್ಲಿಗೆ ತಾಗಿತು. ಎದೆಯಿಂದ ಸದ್ದು ಎದ್ದಿತು. ಓಬವ್ವ ಹೊಸಲು ಬಿಟ್ಟು ಜಗಲಿಯ ಅಂಚಿಗೆ ಜರುಗಿ ಸೊಸೆಯ ತಲೆಯನ್ನು ತೊಡೆಗೆ ಎಳೆದುಕೊಂಡಳು. ಆ ಮೇಲೆ ಎರಡು ದನಿಗಳು ಕೂಡಿದವು. ಯಾರದು ಯಾವುದೆಂದು ತಿಳಿಯುವಂತಿರಲಿಲ್ಲ. ಕೊಟ್ರಬಸಪ್ಪನನ್ನು ಕೂರು ಎಂದವರೂ ಇಲ್ಲ, ಹೋಗು ಎಂದವರೂ ಇಲ್ಲ.

ಜಂಪಣ್ಣ ಬೀದಿಯ ತಿರುವಿನವರೆಗೆ ಜೊತೆಗೆ ಬಂದ. ಅಳುವಿನ ಸದ್ದು ಅಲ್ಲಿಗೂ ಕೇಳಿಸುತ್ತಿತ್ತು.

"ಬುಧವಾರ ಮಧ್ಯಾಹ್ನಕ್ಕೇ ಮುಖ ಮುಚ್ಚಿಬಿಟ್ಟಿದ್ವಿ ಸಾರ್," ಎಂದ ಅವನು. "ಆಮೇಲೆ ನಮ್ಮವ್ವನೂ ತೆಗೆದು ನೋಡ್ಲಿಲ್ಲ."